ಹನ್ನೊಂದು ಹರಳು

೨೦೨೫ನೆಯ ಇಸವಿ ಮೇ ತಿಂಗಳ ೨೯ನೆಯ ತಾರೀಖು, ಗುರುವಾರ. ಕುರಿಗಳು ಇನ್ನೂರ ಮೂವತ್ತೇಳು. ಇವೆರಡರ ಬಗ್ಗೆ ಉಜ್ಜಿನಪ್ಪನವರಿಗೆ ಸಂಶಯವಿರಲಿಲ್ಲ. ಮಿಕ್ಕ ಎಲ್ಲದರ ಬಗ್ಗೆಯೂ ಇತ್ತು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೊರಟ ಬಸ್ಸಿನಲ್ಲಿ ಎಡಬದಿಯ ಕಿಟಕಿಗೆ ಒತ್ತಿ ಕೂತು, ಜುಬ್ಬದ ಬಲಜೇಬಿನಲ್ಲಿ ಕೈಯಿಟ್ಟು, ಅಲ್ಲಿದ್ದ ಹರಳುಗಳನ್ನು ಒಂದೊಂದಾಗಿ ಬೆರಳ ತುದಿಯಿಂದ ಸರಿಸುತ್ತಿದ್ದರು. ಹನ್ನೊಂದು. ಹದಿನೆಂಟು ದಿನಗಳಿಂದ ಅವು ಜೇಬಿನಲ್ಲೇ ಇದ್ದವು. ಜುಬ್ಬ ಒಗೆಯಲು ಹಾಕುವಾಗ ತೆಗೆದು ಕಿಟಕಿಯ ಮೇಲಿಡುವುದು, ಮರುದಿನ ಬೇರೆ ಜುಬ್ಬಕ್ಕೆ ತುಂಬುವುದು. ಎಸೆಯುವುದಕ್ಕೆ ಕಾರಣವಿಲ್ಲ ಎಂದುಕೊಂಡಿದ್ದರು. ಇಟ್ಟುಕೊಳ್ಳುವುದಕ್ಕೂ ಇರಲಿಲ್ಲವೆಂಬುದು ಈಗ ಹೊಳೆಯಿತು. ಎಡಜೇಬಿನಲ್ಲಿ ಮುನ್ನೂರ ಮೂವತ್ತಮೂರು ರೂಪಾಯಿ ಇತ್ತು. ಬೆಳಗ್ಗೆ ಬ್ರೂಸ್‌ಪೇಟೆಯ ಕಿರಾಣಿ ಅಂಗಡಿಯಲ್ಲಿ, ಬೇಕಿಲ್ಲದ ಕಡಲೆಬೇಳೆ ಕೊಂಡು, ಐನೂರರ ನೋಟು ಮುರಿಸಿ, ಮೂರು ನೂರರ ನೋಟು, ಮೂರು ಹತ್ತರದು, ಮೂರು ನಾಣ್ಯ ಕೇಳಿ ಪಡೆದಿದ್ದರು. ಅಂಗಡಿಯವನು ದೇವರಿಗೋ ಎಂದು ಕೇಳಿದ. ಇವರು ಎಣಿಸಿ ಎಡಜೇಬಿಗಿಟ್ಟರು.

ಸೋಮವಾರ ಫೋನು ಬಂದಿತ್ತು. ಎಳೆಯ ದನಿ, ಆದರೆ ಅವಸರವಿಲ್ಲದ್ದು. “ಸರ್, ನಾನು ಅನುಷಾ ಅಂತ, ದೇಶನೂರಿನ ಗ್ರಾಮ ಆಡಳಿತ ಅಧಿಕಾರಿ. ಯರ್ರಿಸ್ವಾಮಿ ಅಂತ ಕುರಿಗಾರ ಗೊತ್ತಲ್ರಿ ನಿಮಗ? ಹದಿಮೂರನೇ ತಾರೀಖಿನ ಮಳಿಗೆ ಹಳ್ಳ ಬಂದು ಅವನ ಕುರಿ ಹೋದವಲ್ರಿ, ಆ ಪರಿಹಾರದ ಕಾಗದದಾಗ ನಿಮ್ಮ ಸಹಿ ಇರೋ ಚೀಟಿ ಐತಿ. ಈಗ ಎಲ್ಲಾ ಅದರ ಮ್ಯಾಲೇ ನಿಂತೈತಿ.” ಹೆಣ ಸಿಕ್ಕಿದ್ದು ಒಂಬತ್ತು ಮಾತ್ರ, ಉಳಿದವನ್ನು ಹಳ್ಳ ಒಯ್ದು ಎಲ್ಲಿಗೆ ಮುಟ್ಟಿಸಿತೋ ತಿಳಿಯದು. ಹೀಗಿರುವಾಗ ಸತ್ತವನ್ನು ಎಣಿಸಲಾಗದು, ಕಳೆಯಬೇಕು: ಮಳೆಗೆ ಮೊದಲು ಇದ್ದವು ಎಷ್ಟು, ಈಗ ಇರುವವು ಎಷ್ಟು. ಈಗ ಇರುವವನ್ನು ಪಶುವೈದ್ಯರು ಒಂದೊಂದಕ್ಕೂ ಬೆನ್ನ ಮೇಲೆ ನೀಲಿ ಬಣ್ಣ ಬಳಿದು ಎಣಿಸಿದ್ದರು. ಇನ್ನೂರ ಹನ್ನೊಂದು. ಮೊದಲು ಇದ್ದವುಗಳಿಗೆ ಲೋಕದಲ್ಲಿ ಇದ್ದ ಕಾಗದ ಒಂದೇ. ಅದರಲ್ಲಿ ಉಜ್ಜಿನಪ್ಪನವರ ದುಂಡು ಅಕ್ಷರದಲ್ಲಿ ಇನ್ನೂರು ಎಂದು ಬರೆದಿತ್ತು. “ಇನ್ನೂರಿದ್ದವು ಹಳ್ಳ ಬಂದಮ್ಯಾಲ ಇನ್ನೂರ ಹನ್ನೊಂದಾಗ್ಯಾವ್ರಿ ಸರ್,” ಎಂದು ಹುಡುಗಿ ನಕ್ಕಿದ್ದಳು. “ಹಿಂಗಾದ್ರ ವರ್ಷಾ ನೆರಿ ಬರ್ಲಿ ಅಂತ ಕುರಿಗಾರರು ಹರಕಿ ಹೊರ್ತಾರ.” ಆಮೇಲೆ ದನಿ ತಗ್ಗಿಸಿ, “ಈ ಚೀಟಿ ಹಿಂಗ ಮ್ಯಾಲೆ ಹೋದ್ರ ಒಂದು ಕುರಿಗೂ ಬರಂಗಿಲ್ಲ ಸರ್. ಸುಳ್ಳು ಅರ್ಜಿ ಅಂತಾರ,” ಎಂದಿದ್ದಳು.

ಕುರಿಯೊಂದಕ್ಕೆ ನಾಲ್ಕು ಸಾವಿರ. ಇನ್ನೂರ ಮೂವತ್ತೇಳರಲ್ಲಿ ಇನ್ನೂರ ಹನ್ನೊಂದು ಕಳೆದರೆ ಇಪ್ಪತ್ತಾರು; ಕುಟುಂಬಕ್ಕೆ ಮೂವತ್ತೆಂಬ ಮಿತಿಯ ಒಳಗೇ ಇದೆ; ಒಂದು ಲಕ್ಷದ ನಾಲ್ಕು ಸಾವಿರ. ಫೋನು ಕೆಳಗಿಡುವ ಮೊದಲೇ ಅವರ ಮನಸ್ಸು ಇಷ್ಟನ್ನೂ ಮಾಡಿ ಮುಗಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆದಿತ್ತು. ಬಾಯಿ ಮಾತ್ರ, “ಬರ್ತೀನಮ್ಮ,” ಎಂದಿತು.

ತೆಕ್ಕಲಕೋಟೆ ದಾಟಿದ ಮೇಲೆ ಬಸ್ಸು ಹಗುರಾಯಿತು. ಎರಡೂ ಬದಿಗೆ ಭತ್ತ ಕೊಯ್ದ ಗದ್ದೆಗಳು, ಅಕಾಲದ ಮಳೆಗೆ ಕೂಳೆ ಮತ್ತೆ ಹಸಿರೊಡೆದಿತ್ತು. ಇಂಥದೇ ಕೂಳೆಯ ಮೇಲೆ ಆರು ರಾತ್ರಿ ಯರ್ರಿಸ್ವಾಮಿಯ ಹಿಂಡು ಮಲಗಿತ್ತು. ದೇಶನೂರಿನ ಮೂರೆಕರೆ ಉಜ್ಜಿನಪ್ಪನವರಿಗೆ ಹೆಂಡತಿಯ ಕಡೆಯಿಂದ ಬಂದದ್ದು; ಎರಡನೆಯ ಬೆಳೆ ಎದ್ದ ಮೇಲೆ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವುದು ಅಲ್ಲಿ ಎಲ್ಲರ ರೂಢಿ. ಇಪ್ಪತ್ತು ಕುರಿಗೆ ರಾತ್ರಿಗೆ ಮೂವತ್ತು ರೂಪಾಯಿ. ಎಷ್ಟು ಕುರಿ ಎಂಬುದನ್ನು ಕುರಿಗಾರರೇ ಹೇಳಬೇಕು. ಹೇಳಿದ್ದನ್ನು ಯಾರೂ ಪ್ರಶ್ನಿಸುವುದಿಲ್ಲ, ಯಾಕೆಂದರೆ ಬೇರೆಯವರ ಹಿಂಡನ್ನು ಎಣಿಸಬಾರದು. ತಮ್ಮ ಹಿಂಡನ್ನು ಅವರೂ ಎಣಿಸುವುದಿಲ್ಲ; ಎಣಿಸಿದರೆ ಹಿಂಡಿಗೆ ಕೇಡು ಎಂದು ನಂಬಿಕೆ. ಇದನ್ನು ಕೇಳಿದಾಗಿನಿಂದ ಉಜ್ಜಿನಪ್ಪನವರಿಗೆ ನಿದ್ದೆ ಸರಿಯಾಗಿರಲಿಲ್ಲ. ಹಣದ ಯೋಚನೆಯಲ್ಲ. ಎಣಿಸದವನಿಗೆ ಒಂದು ಕುರಿ ಕಡಿಮೆಯಾದದ್ದು ತಿಳಿಯುವುದು ಹೇಗೆ? ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವರು, ಸಂಖ್ಯೆಯಿಲ್ಲದ ತಲೆಯೊಳಗೆ ಏನಿರುತ್ತದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಖಾಲಿ ಇರುತ್ತದೆಂದೇ ತಿಳಿದಿದ್ದರು. ಒಮ್ಮೆ ಕುರುಗೋಡಿನ ಶಾಲೆಯ ಮಕ್ಕಳನ್ನು ಸಂಗನಕಲ್ಲಿನ ಗುಡ್ಡಕ್ಕೆ ಕರೆದೊಯ್ದಿದ್ದಾಗ, ಅಲ್ಲಿ ಅಗೆಯುತ್ತಿದ್ದವರೊಬ್ಬರು ಬೂದಿಯ ದಿಬ್ಬ ತೋರಿಸಿ, ಇದು ಸಾವಿರಾರು ವರ್ಷದ ಹಿಂದಿನ ದನಗಳ ಸಗಣಿ, ಸುಟ್ಟು ಹೀಗಾಗಿದೆ ಎಂದಿದ್ದರು. ಎಷ್ಟು ದನ ಎಂದು ಇವರು ಕೇಳಿದ್ದರು. ಬಹಳ ಎಂದು ಅವರು ಹೇಳಿದ್ದರು. ಬಹಳ ಎನ್ನುವುದು ಉತ್ತರವಲ್ಲ ಎಂದು ಮಕ್ಕಳಿಗೆ ಹಿಂದಿರುಗುವ ದಾರಿಯುದ್ದಕ್ಕೂ ಹೇಳಿದ್ದರು.

ಹನ್ನೊಂದನೆಯ ತಾರೀಖು ಬೆಳಕು ಹರಿಯುವ ಮೊದಲೇ, ಹೊಲ ನೋಡಿಕೊಳ್ಳುವವನ ಮನೆಯ ಕಟ್ಟೆಯಿಂದ ಎದ್ದು, ಬದುವಿನ ಮೇಲೆ ಜಾಲಿಯ ಮರೆಗೆ ನಿಂತಿದ್ದರು. ಯರ್ರಿಸ್ವಾಮಿ ಹಿಂಡಿನ ಸುತ್ತ ಕಟ್ಟಿದ್ದ ಬಲೆಯ ಒಂದು ಮೂಲೆ ಎತ್ತಿದ. ಕುರಿಗಳು ಆ ಕಿಂಡಿಯಿಂದ ಒಂದು, ಎರಡು, ಒಮ್ಮೆಗೆ ಮೂರು ಹೀಗೆ ಹೊರಬೀಳತೊಡಗಿದವು. ಕಿರುಬೆರಳಿನಿಂದ ಹಿಡಿದು ಬೆರಳಿಗೆ ನಾಲ್ಕು ಗೆರೆಯಂತೆ ಐದು ಬೆರಳು ತುಂಬಿದರೆ ಇಪ್ಪತ್ತು. ಇಪ್ಪತ್ತಾದೊಡನೆ ಬದುವಿನಿಂದ ಆರಿಸಿಟ್ಟಿದ್ದ ಹರಳೊಂದು ಎಡಜೇಬಿನಿಂದ ಬಲಜೇಬಿಗೆ. ಎಪ್ಪತ್ತಾರರ ವಯಸ್ಸಿನಲ್ಲಿ ಕಳ್ಳನಂತೆ ಉಸಿರು ಬಿಗಿಹಿಡಿದು ನಿಂತಿದ್ದರು. ಅಂಥ ಸಂತೋಷ ಅನೇಕ ವರ್ಷಗಳಿಂದ ಆಗಿರಲಿಲ್ಲ. ಹನ್ನೊಂದು ಹರಳು, ಆಮೇಲೆ ಬೆರಳ ಮೇಲೆ ಹದಿನೇಳು. ಬಲೆ ಖಾಲಿಯಾಯಿತು. ಇನ್ನೂರ ಮೂವತ್ತೇಳು ಎಂಬ ಸಂಖ್ಯೆ ಲೋಕದಲ್ಲಿ ತಮಗೊಬ್ಬರಿಗೇ ಗೊತ್ತಿದೆ ಎನ್ನಿಸಿ ಮೈ ಝುಮ್ಮೆಂದಿತು. ಬೆಳಕಾದ ಮೇಲೆ ರೊಕ್ಕ ಕೊಡಲು ಹೋದರು. ಯರ್ರಿಸ್ವಾಮಿಯ ತಾಯಿ ಮೂಕಮ್ಮ, ಎಪ್ಪತ್ತರ ಹತ್ತಿರದ ಮುದುಕಿ, ಕತ್ತೆಯ ಬೆನ್ನಿಗೆ ಬಲೆ ಹೇರುತ್ತ, ಇವರತ್ತ ತಿರುಗದೆಯೇ, “ಹತ್ತು ಇಪ್ಪತ್ತು ಅಂತ ಹಾಕ್ಕೊಳ್ರಿ ಮೇಷ್ಟ್ರೇ,” ಎಂದಳು. ಹತ್ತು ಇಪ್ಪತ್ತು, ಇನ್ನೂರು. ಮೂವತ್ತೇಳು ಕಡಿಮೆ. ಆಗ ಎಷ್ಟು ಹೊತ್ತು ಸುಮ್ಮನಿದ್ದೆನೆಂದು ಉಜ್ಜಿನಪ್ಪನವರು ಆಮೇಲೆ ಅನೇಕ ಸಲ ಅಳೆದು ನೋಡಿದ್ದಾರೆ. ಒಂದು ಉಸಿರು, ಹೆಚ್ಚೆಂದರೆ ಎರಡು. ತಿದ್ದಿದರೆ ಎಣಿಸಿದ್ದು ಗೊತ್ತಾಗುತ್ತದೆ ಎಂಬುದು ಮೊದಲ ಉಸಿರು. ಮುನ್ನೂರ ಮೂವತ್ತಮೂರು ರೂಪಾಯಿ ಉಳಿಯುತ್ತದೆ ಎಂಬುದು ಎರಡನೆಯದು. ರಸೀದಿಯಿಲ್ಲದೆ ಯಾರಿಗೂ ರೊಕ್ಕ ಕೊಟ್ಟವರಲ್ಲ. ಬದುವಿನ ಮೇಲೆ ಕೂತು, ಇನ್ನೂರು ಕುರಿ, ಆರು ರಾತ್ರಿ, ಸಾವಿರದ ಎಂಟುನೂರು ರೂಪಾಯಿ ಎಂದು ಎರಡು ಪ್ರತಿ ಬರೆದು, ಎರಡಕ್ಕೂ ಸಹಿ ಹಾಕಿ, ಒಂದನ್ನು ಯರ್ರಿಸ್ವಾಮಿಗೆ ಕೊಟ್ಟರು. ಓದಲು ಬಾರದ ಆತ ಅದನ್ನು ಆಧಾರ್ ಕಾರ್ಡಿನ ಪ್ಲಾಸ್ಟಿಕ್ ಚೀಲದೊಳಗೆ ಜೋಪಾನವಾಗಿ ಇಟ್ಟುಕೊಂಡ.

ಸಿರುಗುಪ್ಪದ ಕಚೇರಿಯ ಜಗಲಿಯ ಮೇಲೆ ತಾಯಿ ಮಗ ಇಬ್ಬರೂ ಇದ್ದರು. ಯರ್ರಿಸ್ವಾಮಿ ಎದ್ದು ನಿಂತು, ತಲೆಯ ವಸ್ತ್ರ ತೆಗೆದು ಬೆಂಚಿನ ಧೂಳು ಒರೆಸಿ, “ಕುಂದರ್ರಿ ಮೇಷ್ಟ್ರೇ. ನಿಮಗ ತ್ರಾಸ ಆತು,” ಎಂದ. ಆ ಮರ್ಯಾದೆ ಉಜ್ಜಿನಪ್ಪನವರಿಗೆ ಬೆಂಚಿಗಿಂತ ಗಟ್ಟಿಯಾಗಿ ಒತ್ತಿತು. ಐವತ್ತರ ಆಸುಪಾಸಿನ ಅವನ ಮುಖವನ್ನು ಹತ್ತಿರದಿಂದ ನೋಡಿದರು. ಹಿಂದೆ ಕುರುಗೋಡಿನ ಶಾಲೆಯಲ್ಲಿ ಒಬ್ಬ ಕುರಿಗಾರರ ಹುಡುಗನಿದ್ದ. ಕುರುಬನ ಬಳಿ ಅರವತ್ತು ಕುರಿಗಳಿವೆ, ಹದಿಮೂರು ಸತ್ತವು, ಉಳಿದವು ಎಷ್ಟು ಎಂದು ಹಲಗೆಯ ಮೇಲೆ ಬರೆದು ಅವನನ್ನೇ ಎಬ್ಬಿಸಿದ್ದರು, ಅವನಿಗೆ ಸುಲಭವಾಗಲೆಂದು. ಹುಡುಗ ಬಾಯಿ ಬಿಡಲಿಲ್ಲ. ಉತ್ತರ ಹೇಳುವವರೆಗೆ ಬಿಸಿಲಲ್ಲಿ ನಿಲ್ಲು ಎಂದಿದ್ದರು. ಸಂಜೆ ಗಂಟೆ ಹೊಡೆದಾಗ ನೋಡಿದರೆ ಅಲ್ಲೇ ನಿಂತಿದ್ದ, ತುಟಿ ಒಣಗಿ. ದಡ್ಡ ಎಂದು ಹಾಜರಿ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದದ್ದು ನೆನಪಿದೆ, ಹೆಸರು ನೆನಪಿಲ್ಲ.

“ನೀನು ಕುರುಗೋಡು ಸಾಲ್ಯಾಗ ನನ್ನ ಕೈಯಾಗ ಕಲಿತಿದ್ದೇನಪಾ?”

“ಇಲ್ರಿ. ನಾವು ಸಾಲಿ ಬಾಗಲಾ ಕಂಡವರಲ್ಲ,” ಎಂದು ಯರ್ರಿಸ್ವಾಮಿ ನಕ್ಕ. “ನಮ್ಮಣ್ಣ ಹೋಗಿದ್ದ ನಾಕು ದಿನ. ಬಿಟ್ಟ.”

“ಯಾಕ ಬಿಟ್ಟ?”

“ಯಾರಿಗ್ಗೊತ್ರಿ. ಅವನೂ ಈಗಿಲ್ಲ.” ಬೇರೆ ಏನೋ ನೆನೆದವನಂತೆ, “ಹಾಲು ಕುಡಿಸೋವೇ ಹೋದವ್ರಿ ಮೇಷ್ಟ್ರೇ. ಮರಿಗೆ ಪೇಟ್ಯಾಗಿಂದ ಹಾಲು ತಂದು ಬಾಟ್ಲ್ಯಾಗ ಕುಡಿಸ್ತೀವಿ. ಈ ರೊಕ್ಕ ಬಂದ್ರ ಒಂದಿಷ್ಟು ತಾಯಿಕುರಿ ತರ್ತೀನಿ. ಬರ್ಲಿಲ್ಲಂದ್ರ ಅರ್ಧ ಹಿಂಡು ಮಾರಿ ಇನ್ನರ್ಧ ಉಳಿಸ್ಕೊಬೇಕು,” ಎಂದ. ಅರ್ಧ ಎಂದರೆ ನೂರಾ ಐದೂವರೆ ಎಂದು ಉಜ್ಜಿನಪ್ಪನವರ ಮನಸ್ಸು ತಾನಾಗಿ ಹೇಳಿಕೊಂಡಿತು. ಆ ಮನಸ್ಸಿನ ಮೇಲೆ ಅವರಿಗೆ ಅಸಹ್ಯವಾಯಿತು. ಆದರೂ ಕೇಳದಿರಲಾಗಲಿಲ್ಲ: ಪಶುವೈದ್ಯರು ಬಣ್ಣ ಬಳಿದು ಎಣಿಸುವಾಗ ನೀವೇನು ಮಾಡಿದಿರಿ? “ಬೆನ್ನು ಮಾಡಿ ನಿಂತಿದ್ವಿ,” ಎಂದಳು ಮೂಕಮ್ಮ. “ಇನ್ನೇನಿತ್ತು, ಆಗಬಾರದ್ದು ಆಗಿ ಹೋಗಿತ್ತು.”

ಒಳಗೆ ಕರೆದರು. ಅನುಷಾ ಫೋನಿನ ದನಿಗಿಂತ ಚಿಕ್ಕವಳಾಗಿ ಕಂಡಳು. ಮೇಜಿನ ಮೇಲೆ ಫೈಲು, ಫೈಲಿನ ಮೇಲೆ ಚೀಟಿ. ಮಡಿಕೆ ಬಿದ್ದ ಕಡೆ ಬೆವರಿಗೆ ಶಾಯಿ ಹಬ್ಬಿದ್ದರೂ ಇನ್ನೂರು ಎಂಬುದು ಕೆಡದೆ ಉಳಿದಿತ್ತು. ಅಷ್ಟು ಸ್ಪಷ್ಟವಾಗಿ ಬರೆಯದಿದ್ದರೆ ಚೆನ್ನಾಗಿತ್ತು. ದಾರಿಯುದ್ದಕ್ಕೂ ಎರಡು ಉತ್ತರ ಸಿದ್ಧಪಡಿಸಿಕೊಂಡು ಬಂದಿದ್ದರು. ಕುರಿಗಾರರು ಹೇಳಿದ್ದನ್ನು ಬರೆದೆ, ನನಗೆ ಬೇರೆ ತಿಳಿಯದು ಎಂಬುದು ಒಂದು; ಅದರ ಮೊದಲರ್ಧ ನಿಜ. ಇನ್ನೊಂದು, ನಿಜವಾದದ್ದು. ನಿಜವನ್ನು ಹೇಳಿದರೆ ಮೂವತ್ತೇಳು ಕುರಿಯ ರೊಕ್ಕ ತಿಂದವರಾಗುತ್ತಾರೆ. ಅದಾದರೂ ಸರಿ. ಎಣಿಸಿದ ಮೂರನೆಯ ದಿನವೇ ಹಳ್ಳ ಬಂದಿತ್ತು. ಪಕ್ಕದಲ್ಲಿ ಕೂತ ಇಬ್ಬರೂ ಆ ದಿನಗಳನ್ನು ಸಂಖ್ಯೆಯಿಲ್ಲದೆಯೇ ಲೆಕ್ಕ ಹಾಕಬಲ್ಲರು. ಎಣಿಸಿದ್ದಕ್ಕೇ ಹಳ್ಳ ಬಂತೆಂಬುದರಲ್ಲಿ ತಮಗೆ ನಂಬಿಕೆಯಿಲ್ಲ. ನಂಬಿಕೆಯಿಲ್ಲದವನಿಗೆ ಹೆದರಿಕೆ ಯಾಕೆ ಎಂಬ ಪ್ರಶ್ನೆ ಮಾತ್ರ ಬಿಡಿಸಲಾಗದೆ ಉಳಿದಿತ್ತು.

“ಯಮ್ಮಾ, ಇನ್ನೊಮ್ಮಿ ಕೇಳ್ತೀನಿ,” ಎಂದಳು ಅನುಷಾ. “ಮಳಿಗಿಂತ ಮೊದಲ ಎಷ್ಟಿದ್ದವು?”

“ಇದ್ದವು.”

“ಎಷ್ಟು?”

“ಎಲ್ಲಾ ಇದ್ದವು. ಈಗ ಎಲ್ಲಾ ಇಲ್ಲ.”

“ಇದನ್ನ ನಾ ಹೆಂಗ ಬರೀಲಿ? ಯಾವ್ಯಾವು ಇಲ್ಲ, ಅದನ್ನರ ಹೇಳು.”

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಮೂಕಮ್ಮ ಸೆರಗು ಸರಿಪಡಿಸಿಕೊಂಡು, ಗೋಡೆಯ ಮೇಲೆ ಎಲ್ಲಿಯೋ ಒಂದು ಕಡೆ ಕಣ್ಣು ನೆಟ್ಟಳು. “ಕರೇ ಕಿವೀದು ಇಲ್ಲ. ಅದರ ಮಗಳು, ಮೂತಿ ಮ್ಯಾಲೆ ಬಿಳಿ ಇದ್ದಾಕಿ, ಇಲ್ಲ. ಬಾವ್ಯಾಗ ಬಿದ್ದು ಎದ್ದು ಬಂದಿತ್ತಲ್ಲ, ಅದು. ಕೆಮ್ಮೋದು. ಕೆಮ್ಮೋದರ ಬೆನ್ನಿಗೇ ಹೋಗೋದು. ಸಂತ್ಯಾಗ ತಂದ ಟಗರು. ಅವಳಿ ಹಾಕಿದ್ದು. ಇನ್ನೊಂದು ಅವಳಿ ಹಾಕಿದ್ದು, ಮೊಂಡಗಿವೀದು.” ಅವಸರವಿಲ್ಲ, ತಡವರಿಕೆಯಿಲ್ಲ. ಉಜ್ಜಿನಪ್ಪನವರ ಹೆಬ್ಬೆರಳು ತನಗೆ ತಾನೇ ಕಿರುಬೆರಳಿನ ಮೊದಲ ಗೆರೆಯಿಂದ ಹೊರಟಿತ್ತು. ಹತ್ತು ಹನ್ನೆರಡು ಆಗುವಷ್ಟರಲ್ಲಿ ಅವರಿಗೆ ಗೊತ್ತಾಯಿತು: ಆಕೆ ನೆನಪಿಸಿಕೊಳ್ಳುತ್ತಿಲ್ಲ, ನೋಡುತ್ತಿದ್ದಾಳೆ. ಹಳ್ಳದ ಕಡೆಯ ಅಂಚಿನಿಂದ ಒಳಗೆ, ಅವು ಮಲಗಿದ್ದ ಸಾಲಿನಲ್ಲಿ, ಒಂದರ ಪಕ್ಕದಲ್ಲಿ ಒಂದು ಬಿಟ್ಟುಹೋದ ಜಾಗಗಳ ಮೇಲೆ ಕಾಲಿಟ್ಟು ನಡೆಯುತ್ತಿದ್ದಾಳೆ. ಖಾಲಿ ತಲೆಯೆಂದು ತಿಳಿದದ್ದರೊಳಗೆ ಇಡೀ ಬಯಲೇ ಇತ್ತು. “ಕುಂಟೋದು. ಯಾರಿಗೂ ಹಾಲು ಕೊಡದ್ದು.” ಇಪ್ಪತ್ತು. ಜೇಬಿನಲ್ಲಿ ಒಂದು ಹರಳು ಒಂದು ಬದಿಗೆ ಸರಿಯಿತು. ಇಪ್ಪತ್ತೊಂದು, ಇಪ್ಪತ್ತೆರಡು. ಇನ್ನು ನಾಲ್ಕು ಬರಬೇಕು. ಮೂರಾದರೂ ಐದಾದರೂ ತಮ್ಮ ಎಣಿಕೆ ತಪ್ಪು. “ಕೆಂದನ ತಾಯಿ. ಕೆಂದ. ಕೊರಳಾಗ ಗಂಟಿ ಇದ್ದದ್ದು.” ಇಪ್ಪತ್ತೈದು. ಮೂಕಮ್ಮನ ಮಾತು ನಿಂತಿತು. “ಮತ್ತ ಅದರ ಕಾಲಾಗ ಮಲಗಿತ್ತಲ್ಲ, ಅದು. ಅಷ್ಟ.”

“ಸರಿ!”

ಅಂದದ್ದು ತಾವೇ ಎಂದು ತಿಳಿಯಲು ಉಜ್ಜಿನಪ್ಪನವರಿಗೆ ಒಂದು ಕ್ಷಣ ಬೇಕಾಯಿತು. ಕಡೆಯ ಬೆಂಚಿನವರೆಗೂ ಕೇಳಬೇಕೆಂದು ಎತ್ತುತ್ತಿದ್ದ ದನಿ, ಹದಿನಾರು ವರ್ಷಗಳಿಂದ ಬಳಸದಿದ್ದದ್ದು. ಮೂವರೂ ತಿರುಗಿ ನೋಡಿದರು.

“ಏನ್ ಸರಿ, ಸರ್?” ಎಂದಳು ಅನುಷಾ.

ಸರಿಯಾಗಿ ಹೇಳಿದಳು ಎಂದೆ, ಅಷ್ಟೇ ಎನ್ನಬಹುದಿತ್ತು. ಮೂರನೆಯ ಆ ಉತ್ತರ ಸಿದ್ಧವಾಗಿ, ನುಣುಪಾಗಿ ನಾಲಿಗೆಯ ಮೇಲೆ ಬಂದು ಕೂತಿತ್ತು. “ಆಕೆ ಹೇಳಿದ್ದು ಇಪ್ಪತ್ತಾರು,” ಎಂದರು. “ಇನ್ನೂರ ಹನ್ನೊಂದಕ್ಕೆ ಕೂಡಿಸಮ್ಮ. ಇನ್ನೂರ ಮೂವತ್ತೇಳು. ಅಷ್ಟೇ ಇದ್ದವು.”

“ಅಷ್ಟೇ ಇದ್ದವು ಅಂತ ನಿಮಗೆಂಗ ಗೊತ್ತು?”

“ಎಣಿಸಿದ್ದೆ.”

ಯರ್ರಿಸ್ವಾಮಿ ಕೈಯಲ್ಲಿದ್ದ ತಲೆವಸ್ತ್ರವನ್ನು ಇನ್ನೊಂದು ಕೈಗೆ ಸುತ್ತತೊಡಗಿದ. ಮೂಕಮ್ಮ ಮಾತ್ರ, ಹುಡುಗನಿಗೆ ಜ್ವರ ಯಾವಾಗ ಬಂತೆಂದು ವಿಚಾರಿಸುವವಳಂತೆ, ಮೆಲ್ಲಗೆ ಕೇಳಿದಳು: “ಯಾವತ್ತು ಎಣಿಸಿದ್ರಿ ಮೇಷ್ಟ್ರೇ?”

“ನೀವು ಹೊಂಟ ದಿನ ಬೆಳಗ್ಗೆ.”

ಅನುಷಾ ಚೀಟಿಯನ್ನೂ ಉಜ್ಜಿನಪ್ಪನವರನ್ನೂ ಒಂದಾದ ಮೇಲೊಂದು ನೋಡಿ, ಬಿಳಿಯ ಹಾಳೆಯೊಂದನ್ನು ಇವರ ಮುಂದೆ ತಳ್ಳಿದಳು. ಹೇಳಿಕೆ ಬರೆಯತೊಡಗಿದರು. ಇನ್ನೂರ ಮೂವತ್ತೇಳು ಎಂದು ಎಣಿಸಿ ತಿಳಿದಿದ್ದೂ ಇನ್ನೂರು ಎಂದು ಬರೆದೆ ಎಂಬಲ್ಲಿಗೆ ಬಂದಾಗ ಆಕೆ ಮೇಜಿನಾಚೆಯಿಂದಲೇ ಓದಿ, “ಬ್ಯಾಡ್ರಿ ಸರ್,” ಎಂದಳು. “ತಿಳಿದಿದ್ದೂ ಅಂತ ಬರದ್ರ, ಒಮ್ಮೆ ಸುಳ್ಳು ಬರದಾರ, ಇದೂ ಸುಳ್ಳಿರಬೌದು ಅಂತ ಮ್ಯಾಲಿನವರು ತಗೊಳ್ಳಂಗಿಲ್ಲ. ಕಣ್ತಪ್ಪಿನಿಂದ ಅಂತ ಬರೀರಿ. ಈ ವಯಸ್ಸಿನಾಗ ನಂಬ್ತಾರ.”

ಕಣ್ತಪ್ಪು. ಮೂವತ್ತನಾಲ್ಕು ವರ್ಷ ಯಾವ ಮಗುವಿಗೂ ಆ ಕಾರಣ ಹೇಳಲು ಅವರು ಬಿಟ್ಟಿರಲಿಲ್ಲ. ಸಾರ್, ಕಣ್ತಪ್ಪಿತ್ರಿ ಎಂದವರಿಗೆ, ಕಣ್ಣು ತಪ್ಪುವುದಿಲ್ಲ, ನೀನು ತಪ್ಪುತ್ತೀ ಎನ್ನುತ್ತಿದ್ದರು. ನಿಜವಾದ ಸಂಖ್ಯೆ ನಿಲ್ಲಬೇಕಾದರೆ ಅದರ ಅಡಿಗೆ ಒಂದು ಸುಳ್ಳನ್ನು ಇಡಬೇಕೆಂಬುದು ಅವರಿಗೆ ಗೊತ್ತಿದ್ದ ಯಾವ ಸೂತ್ರದಲ್ಲಿಯೂ ಇರಲಿಲ್ಲ. ತಪ್ಪೊಪ್ಪಿಕೊಂಡ ನೆಮ್ಮದಿಯೂ ತಮ್ಮದಲ್ಲ, ಯರ್ರಿಸ್ವಾಮಿಯ ಫೈಲಿಗೆ ಅದರಿಂದ ನಷ್ಟ. ಹಾಳೆ ಬದಲಿಸಿ, ಕಣ್ತಪ್ಪಿನಿಂದ ಎಂದು ದುಂಡಾಗಿ ಬರೆದರು, ಸಹಿ ಹಾಕಿದರು. “ಇಪ್ಪತ್ತಾರು ಅಂತ ಬರದು ಇವತ್ತೇ ಬಳ್ಳಾರಿಗೆ ಕಳಿಸ್ತೀನಿ,” ಎಂದಳು ಅನುಷಾ ತಾಯಿ ಮಗನ ಕಡೆ ತಿರುಗಿ. “ಇನ್ನ ತೊಡಕಿಲ್ಲ. ಬರ್ತೈತಿ.”

ಹೊರಗೆ ಬಿಸಿಲು ಏರಿತ್ತು. ಕಚೇರಿಯ ಬೇವಿನ ನೆರಳಿನಲ್ಲಿ ಉಜ್ಜಿನಪ್ಪನವರು ಎಡಜೇಬಿನಿಂದ ರೊಕ್ಕ ತೆಗೆದು ಚಾಚಿದರು. ಮೂವತ್ತೇಳು ಕುರಿಗೆ, ಆರು ರಾತ್ರಿಗೆ, ಮುನ್ನೂರ ಮೂವತ್ತಮೂರು ಎಂದು ವಿವರಿಸತೊಡಗಿದವರು ನಡುವೆಯೇ ನಿಂತರು. ಯರ್ರಿಸ್ವಾಮಿಯ ಕೈ ಅರ್ಧ ಬಂದು, ತಾಯಿಯ ಮುಖ ನೋಡಿ ಹಿಂದಕ್ಕೆ ಹೋಯಿತು.

“ಅದು ನಾವ ಬಿಟ್ಟದ್ರಿ,” ಎಂದಳು ಮೂಕಮ್ಮ. “ಇದ್ದಷ್ಟೂ ಬಾಯಿಲೆ ಹೇಳಬಾರದು ಅಂತ ಒಂದಿಷ್ಟು ಬಿಟ್ಟೇ ಹೇಳ್ತೀವಿ. ಬಿಟ್ಟದ್ದಕ್ಕ ರೊಕ್ಕ ತಗೊಂಡ್ರ ಹೇಳಿದಂಗಾಗ್ತೈತಿ.”

“ಹಂಗಾದ್ರ ನಾ ಎಣಿಸಿದ್ದು—”

“ನೋಡಿದ್ನಿ. ಜಾಲಿ ಕೆಳಗ ನಿಂತು ತುಟಿ ಅಲ್ಲಾಡಿಸ್ತಿದ್ರಿ. ಮುದುಕ್ರು ಜಪಾ ಮಾಡ್ತಾರೇನೋ ಅನ್ಕೊಂಡೆ.” ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವರಿಗೆ ಸುಲಭವಾಗುತ್ತಿತ್ತು. “ಜೇಬಿಗೆ ಏನೋ ಹಾಕ್ತಿದ್ರಿ ಆವಾಗ. ಏನದು?”

ಉಜ್ಜಿನಪ್ಪನವರು ಬಲಜೇಬಿನಿಂದ ಹರಳುಗಳನ್ನು ಹೊರತೆಗೆದು ಅಂಗೈಯಲ್ಲಿ ತೋರಿಸಿದರು. ಸಾಧಾರಣ ಹರಳು, ಹೊಲದ ಬದುವಿನವು. ಹದಿನೆಂಟು ದಿನ ಬೆರಳಿಗೆ ಸಿಕ್ಕು ಮಿನುಗತೊಡಗಿದ್ದವು. ಮೂಕಮ್ಮ ಸೆರಗೊಡ್ಡಿದಳು. “ಇತ್ಲಾಗ ಕೊಡ್ರಿ. ಅವು ನಮ್ಮವು.” ಒಂದೊಂದಾಗಿ ಹಾಕಹೊರಟವರು, ಹಾಗೆ ಹಾಕುವುದೂ ಎಣಿಸಿದಂತೆಯೇ ಎಂದು ಹೊಳೆದು, ಅಂಗೈಯನ್ನು ಒಮ್ಮೆಗೇ ಮಗುಚಿದರು. ಆಕೆ ನೋಡದೆಯೇ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, “ಎಲ್ಲಾ ಕೊಟ್ರಲ್ಲ?” ಎಂದಳು.

“ಎಲ್ಲಾ,” ಎಂದರು ಉಜ್ಜಿನಪ್ಪನವರು.

ತಾಯಿ ಮಗ ದೇಶನೂರಿನ ಕಡೆಯ ಆಟೋಗೆ ನಡೆದರು. ಯರ್ರಿಸ್ವಾಮಿ ತಿರುಗಿ ಕೈ ಮುಗಿದ, ಮೂಕಮ್ಮ ತಿರುಗಲಿಲ್ಲ. ಬಳ್ಳಾರಿಯ ಬಸ್ಸು ಹತ್ತಿ ಕೂತ ಮೇಲೆಯೇ ಅವರಿಗೆ ತಮ್ಮ ಉತ್ತರದ ತಪ್ಪು ಕಂಡದ್ದು. ಹರಳು ಹನ್ನೊಂದು, ಹನ್ನೊಂದು ಇಪ್ಪತ್ತು, ಇನ್ನೂರ ಇಪ್ಪತ್ತು. ಉಳಿದ ಹದಿನೇಳು ಯಾವ ಹರಳಿನಲ್ಲಿಯೂ ಇರಲಿಲ್ಲ. ಅವನ್ನು ಬೆರಳ ಮೇಲೆ ಹಿಡಿದಿದ್ದರು. ಹಿಡಿದದ್ದನ್ನು ಬಿಟ್ಟಿರಲಿಲ್ಲ, ಕೊಡುವ ದಾರಿಯೂ ತಿಳಿದಿರಲಿಲ್ಲ. ಎಡಜೇಬಿನಲ್ಲಿ ಯಾರದೂ ಅಲ್ಲದ ಮುನ್ನೂರ ಮೂವತ್ತಮೂರು ರೂಪಾಯಿ, ಬಲಜೇಬು ಖಾಲಿ. ಕಂಡಕ್ಟರು ಬಂದು ಎಲ್ಲಿಗೆಂದು ಎರಡು ಸಲ ಕೇಳಿದ. ಉಜ್ಜಿನಪ್ಪನವರ ಹೆಬ್ಬೆರಳು ಕಿರುಬೆರಳಿನಿಂದ ಹೊರಟು ನಾಲ್ಕು ಬೆರಳು ಮುಗಿಸಿತ್ತು. ಈಗ ತೋರುಬೆರಳು ಬಾಗಿ ಬಂದು, ಹೆಬ್ಬೆರಳಿನ ಮೊದಲ ಗೆರೆಯ ಮೇಲೆ, ಹದಿನೇಳರಲ್ಲಿ, ನಿಂತಿತ್ತು.